ಎಲಿಂಗ್ಟನ್ ಬ್ಯಾಂಡ್: ಯಾವ ಸಿ.ಡಿ. ಕೊಳ್ಳಲಿ?

ಪ್ರಶ್ನೆ: ಅಮೆರಿಕದ ಜಾಜ್ ಸಂಗೀತಗಾರ ಡ್ಯೂಕ್ ಎಲಿಂಗ್ಟನ್ ಬ್ಯಾಂಡಿನ ಸಿ.ಡಿ. ತರಿಸಿದೆ. ಕಂಬಳಿ ಹೊದಿಸಿದ ಹಾಗೆ ಮಂಕಾಗಿ ಕೇಳುತ್ತದೆ. ಒಳ್ಳೆಯದು ಯಾವುದು? ಮನೆಯಲ್ಲಿ ಕೆಲವು 78ರ (ನಿಮಿಷಕ್ಕೆ 78 ಸುತ್ತು ತಿರುಗುವ) ಹಳೆಯ ಪ್ಲೇಟುಗಳೂ ಇವೆ.
– ಓದುಗರು, ದಾವಣಗೆರೆ

ಉತ್ತರ: ದೋಷ ಮೂಲ ಮುದ್ರಣದ್ದಲ್ಲ, ಬಹುಪಾಲು ಮರುಮುದ್ರಣದ್ದು. ಸರಸರ ಸದ್ದು ಅಳಿಸುವ ಭರದಲ್ಲಿ ಸಿಂಬಲ್, ಟ್ರಂಪೆಟ್‌ಗಳ ಹೊಳಪನ್ನೂ ಅಳಿಸಿಬಿಡುತ್ತಾರೆ. ಸ್ವಲ್ಪ ಸರಸರ ಉಳಿಸಿಕೊಂಡ ಪ್ರತಿಯೇ ವಾಸಿ. ಮೋನೋವನ್ನು (ಒಂದೇ ವಾಹಿನಿಯ ಮುದ್ರಣವನ್ನು) ಕೃತಕವಾಗಿ ಸ್ಟೀರಿಯೋ ಮಾಡಿದ ಹಳೆಯ ಎಲ್‌ಪಿಗಳು (ಹೆಚ್ಚು ಹೊತ್ತು ನುಡಿಯುವ ಪ್ಲೇಟುಗಳು) ಬೇಡವೇ ಬೇಡ.

ಮೊದಲು 1940–42ರಲ್ಲಿ ಈ ಬ್ಯಾಂಡು ವಿಕ್ಟರ್ ಕಂಪನಿಗೆ ನುಡಿಸಿದ ಮುದ್ರಣಗಳನ್ನು ಕೇಳಿ. ಬಾಸ್‌ಗೆ (ತಗ್ಗು ಸ್ವರದ ದೊಡ್ಡ ತಂತಿವಾದ್ಯಕ್ಕೆ) ಜಿಮ್ಮಿ ಬ್ಲಾಂಟನ್, ಟೆನರ್ ಸ್ಯಾಕ್ಸೊಫೋನ್‌ಗೆ ಬೆನ್ ವೆಬ್‌ಸ್ಟರ್ ಇದ್ದ ತಂಡ ಅದು. ಬ್ಲೂಬರ್ಡ್ ಕಂಪನಿ 2003ರಲ್ಲಿ ತಂದ ಮೂರು ಸಿ.ಡಿ.ಗಳ 'ನೆವರ್ ನೋ ಲಮೆಂಟ್' ಸಾಕು. ಬಾಸ್‌ನ ಪ್ರತಿ ಮೀಟು ಬಿಡಿಯಾಗಿ ಕೇಳಿಸಿದರೆ ಪ್ರತಿ ಚೆನ್ನಾಗಿದೆ ಎಂದರ್ಥ.

ಪ್ಲೇಟಿನ ಮೂರು ನಿಮಿಷದ ಕಟ್ಟಿಲ್ಲದೆ ತಂಡ ಹೇಗೆ ನುಡಿಸುತ್ತಿತ್ತೆಂದು ತಿಳಿಯಲು, 1940ರ ನವೆಂಬರ್ 7ರಂದು ಅಮೆರಿಕದ ಫಾರ್ಗೋ ಊರಿನ ನೃತ್ಯಕೂಟದಲ್ಲಿ ಜಾಕ್ ಟವರ್ಸ್, ಡಿಕ್ ಬರಿಸ್ ಮುದ್ರಿಸಿದ್ದನ್ನು ಹುಡುಕಿ. ಸದ್ದು ಒರಟು, ನುಡಿಸಾಣಿಕೆ ಜೀವಂತ.

ನಿಮ್ಮ 78ರ ಪ್ಲೇಟುಗಳಿಗೆ ಎಲ್‌ಪಿಯ ಮುಳ್ಳು ಹಾಕಬೇಡಿ. ಅದರ ತುದಿಯ ತ್ರಿಜ್ಯ ಸುಮಾರು 25 ಮೈಕ್ರಾನ್ (ಮಿಲಿಮೀಟರಿನ ಸಾವಿರದಲ್ಲೊಂದು ಪಾಲು ಒಂದು ಮೈಕ್ರಾನ್). 78ರ ಪ್ಲೇಟಿನ ಅಗಲವಾದ ಗೀರಿನ ತಳಕ್ಕಿಳಿದು ಧೂಳು ಕೆರೆಯುತ್ತದೆ. ಸುಮಾರು 75 ಮೈಕ್ರಾನಿನದು ಬೇಕು. ಈ ಅರಗಿನ ಪ್ಲೇಟನ್ನು ಸ್ಪಿರಿಟ್‌ನಿಂದ ಒರೆಸಿದರೆ ಮೈ ಕರಗುತ್ತದೆ, ಎಚ್ಚರ.