ಪಿಯುಸಿ ಮುಗಿಸಿದ ಹುಡುಗಿ ಎನ್‌ಡಿಎ (ಸೇನಾಧಿಕಾರಿಗಳಾಗಲು ತರಬೇತಿ ಕೊಡುವ ರಾಷ್ಟ್ರೀಯ ರಕ್ಷಣಾ ಅಕಾಡೆಮಿ) ಸೇರಬಹುದಾ? ಹೇಗೆ?

ಖಂಡಿತ ಸೇರಬಹುದು. 2021ರಲ್ಲಿ ಸುಪ್ರೀಂ ಕೋರ್ಟ್ ಆದೇಶ ಬಂದ ಮೇಲೆ ಅದರ ಪ್ರವೇಶ ಪರೀಕ್ಷೆ ಹುಡುಗಿಯರಿಗೂ ತೆರೆಯಿತು. 2022ರಲ್ಲಿ ಮೊದಲ ತಂಡ ಪುಣೆ ಹತ್ತಿರದ ಖಡಕ್‌ವಾಸ್ಲಾದಲ್ಲಿರುವ ಅಕಾಡೆಮಿಗೆ ಹೋಯಿತು, 2025ರ ಮೇನಲ್ಲಿ ಅವರಲ್ಲಿ 17 ಮಂದಿ ತರಬೇತಿ ಮುಗಿಸಿ ಹೊರಬಂದರು. ನನಗಂತೂ ಅದು ತುಂಬಾ ಖುಷಿಯ ದಿನ.

ಯುಪಿಎಸ್‌ಸಿ ವರ್ಷಕ್ಕೆ ಎರಡು ಸಲ ಪರೀಕ್ಷೆ ನಡೆಸುತ್ತದೆ. ಹುಡುಗಿಯರಿಗೆ ಅರ್ಜಿ ಶುಲ್ಕ ಇಲ್ಲ. ಭೂಸೇನೆಗೆ ಯಾವ ವಿಭಾಗದ ಪಿಯುಸಿ ಆದರೂ ನಡೆಯುತ್ತದೆ, ಆದರೆ ವಾಯುಸೇನೆ, ನೌಕಾಸೇನೆಗೆ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ ಬೇಕೇ ಬೇಕು.

ಕಷ್ಟ ಇರುವುದು ಸೀಟಿನಲ್ಲಿ. ಹುಡುಗಿಯರ ಸೀಟು ಬೇರೆಯಾಗಿ ನಿಗದಿಯಾಗುತ್ತದೆ, ಮೊದಲ ಸಲ 370ರಲ್ಲಿ ಬರೀ 19 ಇತ್ತು, ಹಾಗಾಗಿ ಪೈಪೋಟಿ ಜಾಸ್ತಿ. ಇನ್ನೊಂದು ವಿಷಯ, ಲಿಖಿತ ಪರೀಕ್ಷೆಗೆ 900 ಅಂಕ, ಆಮೇಲೆ ಐದು ದಿನ ನಡೆಯುವ ಎಸ್‌ಎಸ್‌ಬಿ (ಸೇನೆಯ ಆಯ್ಕೆ ಮಂಡಳಿ) ಸಂದರ್ಶನಕ್ಕೂ 900 ಅಂಕ, ಅಂದರೆ ಸುಮ್ನೆ ಪುಸ್ತಕ ಓದಿದರೆ ಸಾಲದು ಅಲ್ವಾ? ಗುಂಪಿನಲ್ಲಿ ಮಾತಾಡುವುದು, ಓಡುವುದು ಇವತ್ತಿನಿಂದಲೇ ಶುರು ಮಾಡಿ. ಪ್ರಶ್ನೆಪತ್ರಿಕೆ ಇಂಗ್ಲಿಷ್, ಹಿಂದಿಯಲ್ಲಿ ಮಾತ್ರ ಇರುತ್ತದೆ, ಕನ್ನಡ ಮಾಧ್ಯಮದವರು ಇದನ್ನು ಮೊದಲೇ ತಿಳಿದಿರಿ.

ಅಕಾಡೆಮಿಯಲ್ಲಿ ಮೂರು ವರ್ಷ. ದೆಹಲಿಯ ಜೆಎನ್‌ಯು ವಿಶ್ವವಿದ್ಯಾಲಯದ ಪದವಿ ಸಿಗುತ್ತದೆ.