ರೈಲು ಸುರಂಗದಿಂದ ತೆಗೆದ ಮಣ್ಣಲ್ಲಿ ವಿಷ ಇದ್ದರೆ ಏನು ಮಾಡುತ್ತಾರೆ? ನಮ್ಮ ಕಾಸರಗೋಡಿನ ಕಡೆ ಗದ್ದೆ, ತೋಟಕ್ಕೆ ತುಂಬಬಹುದಾ?

ಪರೀಕ್ಷೆ ಆಗದೆ ಖಂಡಿತ ತುಂಬಬಾರದು.

ವಿಷ ಕಾರ್ಖಾನೆಯಿಂದಲೇ ಬರಬೇಕಿಲ್ಲ. ಕೆಲವು ಬಂಡೆಗಳಲ್ಲಿ ಆರ್ಸೆನಿಕ್ ಸಹಜವಾಗಿಯೇ ಇರುತ್ತದೆ. ಗಂಧಕದ ಖನಿಜ ಇರುವ ಕಲ್ಲು ನೆಲದೊಳಗೆ ಸುಮ್ನೆ ಇರುತ್ತದೆ. ಹೊರಗೆ ತಂದು ರಾಶಿ ಹಾಕಿದರೆ ಗಾಳಿ, ಮಳೆ ತಾಗಿ ಆಮ್ಲ ಹುಟ್ಟುತ್ತದೆ. ಆ ಆಮ್ಲ ಲೋಹಗಳನ್ನು ಕರಗಿಸಿ ನೀರಿಗೆ ಸೇರಿಸುತ್ತದೆ. ಜಪಾನಿನಲ್ಲಿ ಸಪ್ಪೊರೊ ನಗರದವರೆಗಿನ ಹೊಸ ಶಿಂಕಾನ್‌ಸೆನ್ (ಬುಲೆಟ್ ರೈಲು) ಮಾರ್ಗ 212 ಕಿ.ಮೀ. ಉದ್ದ, ಅದರಲ್ಲಿ ಶೇ. 80ರಷ್ಟು ಸುರಂಗ. ಇಂಥ ಮಣ್ಣನ್ನು ಎಲ್ಲಿ ಹಾಕುವುದು ಎಂಬುದೇ ಅಲ್ಲಿ ದೊಡ್ಡ ತಲೆನೋವಾಯಿತು.

ಸರಿಯಾದ ಕ್ರಮ ಹೀಗೆ: ತೋಡುವ ಮೊದಲೇ ಬೋರ್ ಕೊರೆದು ಮಾದರಿ ನೋಡಬೇಕು. ತೋಡುವಾಗ ಒಳ್ಳೆಯ ಮಣ್ಣು, ಕೆಟ್ಟ ಮಣ್ಣು ಬೆರೆಯಲೇಬಾರದು. ಬೆರೆತರೆ ಎಲ್ಲವೂ ಕೆಟ್ಟದ್ದೇ. ಕೆಟ್ಟದ್ದನ್ನು ದಪ್ಪ ಪ್ಲಾಸ್ಟಿಕ್ ಹಾಳೆಯ ಮೇಲೆ ಸುರಿದು, ಮೇಲೂ ಮುಚ್ಚಿ, ಇಳಿಯುವ ನೀರನ್ನು ಹೊಂಡದಲ್ಲಿ ಹಿಡಿದು ಶುದ್ಧ ಮಾಡುತ್ತಾರೆ. ಆಮೇಲೆ ತೊಳೆಯುವುದು, ಸಿಮೆಂಟ್ ಬೆರೆಸಿ ಗಟ್ಟಿ ಮಾಡುವುದು, ಇಲ್ಲವೇ ತಳಕ್ಕೆ ನೀರು ಇಳಿಯದ ಹೂಳುಗುಂಡಿಗೆ ಹಾಕುವುದು. ಒಳ್ಳೆಯ ಮಣ್ಣು ಹಳಿಯ ದಿಣ್ಣೆಗೇ ಆಗುತ್ತದೆ.

ನಮ್ಮಲ್ಲಿ ಇದು ಇನ್ನೂ ಸೂಕ್ಷ್ಮ. ವರ್ಷಕ್ಕೆ 3,000 ಮಿ.ಮೀ.ಗಿಂತ ಜಾಸ್ತಿ ಮಳೆ, ಕೆಳಗೆ ತೂತು ತೂತಾದ ಮುರಕಲ್ಲು. ಗುಡ್ಡದ ಮೇಲೆ ಸುರಿದದ್ದು ಕೆಳಗಿನ ಬಾವಿಗೆ, ಗುಡ್ಡಕ್ಕೆ ಅಡ್ಡ ಕೊರೆದ ಕುಡಿಯುವ ನೀರಿನ ಸುರಂಗಕ್ಕೆ ಇಳಿಯಲು ತುಂಬಾ ದಿನ ಬೇಕಿಲ್ಲ. ಎಂಡೋಸಲ್ಫಾನ್ ಕೀಟನಾಶಕದ ನೋವು ಉಂಡ ಜಿಲ್ಲೆ ಇದು, ಅಲ್ವಾ? ಟಿಪ್ಪರ್ ಮಣ್ಣು ಪುಕ್ಕಟೆ ಬಂದರೂ, ನೀರಲ್ಲಿ ನೆನೆಸಿ ಲೋಹ ಎಷ್ಟು ಬಿಡುತ್ತದೆ ಎಂದು ನೋಡಿದ ವರದಿಯನ್ನು ಮೊದಲು ಕೇಳಿ ಪಡೆಯಿರಿ.