ಫೋಟೊದಲ್ಲಿ ಬೆಳ್ಳಗೆ ಹೊಳೆಯುವ ಕಣ್ಣು

ಪ್ರಶ್ನೆ: ಒಂದೂವರೆ ವರ್ಷದ ಮಗಳ ಫೋಟೊಗಳಲ್ಲಿ ಎಡಗಣ್ಣಿನ ಪಾಪೆ ಬೆಳ್ಳಗೆ ಹೊಳೆಯುತ್ತದೆ. ನೋವಿಲ್ಲ, ಚೆನ್ನಾಗಿ ಆಡುತ್ತಾಳೆ. ಕಾದು ನೋಡಬಹುದೇ?

ಉತ್ತರ: ದಯವಿಟ್ಟು ಕಾಯಬೇಡಿ. ಇದೇ ವಾರ ಕಣ್ಣಿನ ತಜ್ಞರಿಗೆ ತೋರಿಸಿ, ಫೋಟೊಗಳನ್ನೂ ಒಯ್ಯಿರಿ. ಫ್ಲ್ಯಾಶ್ ಬೆಳಕಿಗೆ ಪಾಪೆ ಕೆಂಪಾಗಿ ಕಾಣುವುದು ಸಹಜ. ಬಿಳಿ ಹೊಳಪಿಗೆ ಕ್ಯಾಮೆರಾದ ಕೋನವೋ ಕಣ್ಣಿನ ಪೊರೆಯೋ ಕಾರಣವಿರಬಹುದು. ಆದರೆ ರೆಟಿನೊಬ್ಲಾಸ್ಟೋಮಾ ಎಂಬ ಅಕ್ಷಿಪಟದ (ಕಣ್ಣಿನೊಳಗೆ ಹಿಂಬದಿಯಲ್ಲಿರುವ ಪದರದ) ಕ್ಯಾನ್ಸರ್ ಅಲ್ಲವೆಂಬುದು ಮೊದಲು ಖಚಿತವಾಗಬೇಕು. ಹೆಚ್ಚಾಗಿ 5 ವರ್ಷದೊಳಗೆ ಬರುವ ಇದಕ್ಕೆ ಶುರುವಿನಲ್ಲಿ ನೋವಿರುವುದಿಲ್ಲ, ತಡವಾಗುವುದೇ ಅದರಿಂದ. ಹೊಸದಾಗಿ ಕಂಡ ಮೆಳ್ಳಗಣ್ಣೂ ಲಕ್ಷಣವೇ.

ಪಾಪೆ ಹಿಗ್ಗಿಸುವ ಹನಿ ಹಾಕಿ, ಬೇಕಾದರೆ ಅರಿವಳಿಕೆ ಕೊಟ್ಟು, ಎರಡೂ ಕಣ್ಣು ನೋಡುತ್ತಾರೆ. ಸೂಜಿ ಚುಚ್ಚಿದರೆ ಕ್ಯಾನ್ಸರ್ ಹರಡೀತೆಂದು ಬಯಾಪ್ಸಿಯನ್ನು (ಗಡ್ಡೆಯ ಚೂರು ತೆಗೆದು ಮಾಡುವ ಪರೀಕ್ಷೆ) ಸಾಮಾನ್ಯವಾಗಿ ಮಾಡುವುದಿಲ್ಲ. ಬೇಗ ಸಿಕ್ಕರೆ ಲೇಸರ್, ಕೀಮೋಥೆರಪಿಯಿಂದ ಕಣ್ಣು ಉಳಿಸಬಹುದು. ಗಡ್ಡೆ ತೀರಾ ಬೆಳೆದಿದ್ದರೆ ಜೀವ ಉಳಿಸಲು ಕಣ್ಣನ್ನೇ ತೆಗೆಯಬೇಕಾದೀತು. ರೋಗ ದೃಢಪಟ್ಟರೆ ಒಡಹುಟ್ಟಿದವರ ಕಣ್ಣನ್ನೂ ಪರೀಕ್ಷೆ ಮಾಡಿಸಿ.